ಇಂಟ್ರಾನ್ ಇಲ್ಲದ ಮಾತ್ರಕ್ಕೆ ಹುಸಿಜೀನ್ ಅಲ್ಲ

ಮನುಷ್ಯರ ಎಚ್‌ಎಸ್‌ಪಿಎ1ಎ ಜೀನಿನಲ್ಲಿ ಇಂಟ್ರಾನ್‌ಗಳೇ (ಪ್ರೋಟೀನಿಗೆ ಸಂಕೇತ ನೀಡದ ನಡುವಿನ ತುಣುಕುಗಳು) ಕಾಣದಿರುವುದರಿಂದ ಅದು ನಿಷ್ಕ್ರಿಯವಾದ ಹುಸಿಜೀನ್ (ಜೀನಿನಂತೆ ಕಂಡರೂ ಕೆಲಸ ಮಾಡದ ಡಿಎನ್‌ಎ ಭಾಗ) ಆಗಿರಬಹುದೇ ಎಂದು ತಾವು ಕೇಳಿದ್ದೀರಿ. ಖಂಡಿತ ಅಲ್ಲ. 6ನೇ ವರ್ಣತಂತುವಿನಲ್ಲಿರುವ ಈ ಜೀನ್ 641 ಅಮೈನೋ ಆಮ್ಲಗಳ ಎಚ್‌ಎಸ್‌ಪಿ70 ಪ್ರೋಟೀನಿಗೆ ಸಂಕೇತ ಒದಗಿಸುತ್ತದೆ. ಜೀವಕೋಶಕ್ಕೆ ತೀವ್ರ ಶಾಖ ತಗುಲಿದಾಗ ಆರ್‌ಎನ್‌ಎಯಿಂದ ಇಂಟ್ರಾನ್‌ಗಳನ್ನು ಕತ್ತರಿಸಿ ತೆಗೆಯುವ ವ್ಯವಸ್ಥೆಯೇ ಕುಂಟತೊಡಗುತ್ತದೆ. ಕತ್ತರಿಸಬೇಕಾದದ್ದು ಏನೂ ಇಲ್ಲದ ಈ ಜೀನಿನ ಆರ್‌ಎನ್‌ಎ ಸಂದೇಶವು ಆ ಅಡಚಣೆಗೆ ಸಿಲುಕದೆ ಸಾಗುವುದರಿಂದ, ಮಡಿಕೆ ಬಿಚ್ಚಿದ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ತಡೆಯುವ ಎಚ್‌ಎಸ್‌ಪಿ70 ಬೇಗನೆ ತಯಾರಾಗುತ್ತದೆ. ಸದಾಕಾಲ ದುಡಿಯುವ ಇದರ ಸೋದರ ಜೀನ್ ಎಚ್‌ಎಸ್‌ಪಿಎ8ರಲ್ಲಿ ಇಂಟ್ರಾನ್‌ಗಳಿವೆ. ಅದಕ್ಕೆ ಇಂಥ ಅವಸರವಿಲ್ಲವೆಂದೇ ನಾನು ಭಾವಿಸುತ್ತೇನೆ.

ಪಿಸಿಆರ್‌ನಿಂದ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಎಚ್‌ಎಸ್‌ಪಿಎ1ಎ ಸಂದೇಶವನ್ನು ಅಳೆಯುವುದಾದರೆ, ಇಂಟ್ರಾನ್ ತೆಗೆದ ಮೇಲೆ ಕೂಡಿಕೊಳ್ಳುವ ಎಕ್ಸಾನ್‌ಗಳ ಸಂಧಿಗೆ ಪ್ರೈಮರ್ (ಪ್ರತಿ ಮಾಡುವಿಕೆಯನ್ನು ಆರಂಭಿಸುವ ಚಿಕ್ಕ ಡಿಎನ್‌ಎ ತುಣುಕು) ಹೊಂದಿಸಿ, ಮಾದರಿಯಲ್ಲಿ ಉಳಿದ ಡಿಎನ್‌ಎಯನ್ನು ಎಣಿಕೆಯಿಂದ ಹೊರಗಿಡುವ ಉಪಾಯ ಇಲ್ಲಿ ನಡೆಯದು. ಆದ್ದರಿಂದ ಮಾದರಿಯನ್ನು ಮೊದಲು ಡಿಎನ್‌ಎಯನ್ನು ಒಡೆಯುವ ಕಿಣ್ವವಾದ ಡಿಎನ್‌ಏಸ್‌ನಿಂದ ಶುದ್ಧಗೊಳಿಸಿಕೊಳ್ಳಿ.