ಮಗನಿಗೆ ಡಿಸ್ಪ್ರಾಕ್ಸಿಯಾ (ಕೈಕಾಲಿನ ಚಲನೆ ಹೊಂದಿಸಿಕೊಳ್ಳೋಕೆ ಆಗದ ತೊಂದರೆ) ಅಂದಿದ್ದಾರೆ, ಆರು ತಿಂಗಳ ಥೆರಪಿ ಆದರೂ ಶೂ ಲೇಸು ಕಟ್ಟೋಕೆ ಬರ್ತಿಲ್ಲ. ಮನೆಯಲ್ಲಿ ಏನು ಮಾಡಬಹುದು?

ನೀವು ಬರೆದಿದ್ದು ಇಷ್ಟು: ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಬಾಯಲ್ಲಿ ಕೇಳಿದರೆ ಎಲ್ಲ ಗೊತ್ತು, ಬರೆಯೋಕೆ ಕೂತರೆ ಮುಗಿಯಲ್ಲ. ಲೇಸು, ಗುಂಡಿ, ಊಟದ ಡಬ್ಬಿ ಎಲ್ಲವೂ ಜಗಳ. ಥೆರಪಿಯಲ್ಲಿ ದೊಡ್ಡ ಚೆಂಡಿನ ಮೇಲೆ ಕೂರಿಸುತ್ತಾರೆ, ಜೇಡಿಮಣ್ಣು ನಾದಿಸುತ್ತಾರೆ. ನಿಮ್ಮ ಯಜಮಾನರಿಗೂ ಚಿಕ್ಕಂದಿನಿಂದ ಇದೇ ಕಥೆ, ಗೇರ್ ಬೈಕು ಇವತ್ತಿಗೂ ಕೈಗೆ ಹತ್ತಿಲ್ಲ.

ನೇರವಾಗಿ ಹೇಳಿಬಿಡುತ್ತೇನೆ: ಲೇಸು ಕಟ್ಟೋದು ಬರಬೇಕಾದರೆ ಲೇಸು ಕಟ್ಟೋದನ್ನೇ ಕಲಿಸಬೇಕು. ಜೇಡಿಮಣ್ಣು ನಾದಿದರೆ ಜೇಡಿಮಣ್ಣು ನಾದೋದು ಚೆನ್ನಾಗಿ ಬರುತ್ತದೆ, ಅಷ್ಟೇ. ಒಂದು ಕೆಲಸದಲ್ಲಿ ಕೈ ಕಲಿತದ್ದನ್ನು ಇನ್ನೊಂದು ಕೆಲಸಕ್ಕೆ ತಾನಾಗಿ ದಾಟಿಸಿಕೊಳ್ಳೋದು ಈ ಮಕ್ಕಳಿಗೆ ಕಷ್ಟ. 2019ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೂಡ ದಿನನಿತ್ಯದ ಕೆಲಸವನ್ನೇ ಅಭ್ಯಾಸ ಮಾಡಿಸುವ ವಿಧಾನಗಳನ್ನು ಮುಂದಿಡುತ್ತದೆ. ನಿಮ್ಮ ಥೆರಪಿಸ್ಟ್ ಹತ್ತಿರ ಹೋಗಿ, ‘ಮೂರು ತಿಂಗಳಲ್ಲಿ ಯಾವ ಮೂರು ಕೆಲಸ ಬರಬೇಕು’ ಅಂತ ಬರೆಸಿಕೊಳ್ಳಿ. ಆ ಮೂರನ್ನು ಆರಿಸೋದು ಮಗನೇ. ಅವನಿಗೆ ಬೇಡದ ಕೆಲಸವನ್ನು ಅವನು ಐವತ್ತು ಸಲ ಮಾಡಲ್ಲ. ಆದರೆ ಈ ಮಕ್ಕಳಿಗೆ ಆ ಐವತ್ತು ಸಲ ಬೇಕೇ ಬೇಕು.

ವರದಿಯಲ್ಲಿ ‘ಡಿಸಿಡಿ’ (ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್) ಅಥವಾ ವೈದ್ಯರ ಸಂಕೇತ ‘ಎಫ್82’ ಅಂತಿದ್ದರೆ ಅದೂ ಇದೇ, ಬೇರೆ ಕಾಯಿಲೆಯಲ್ಲ. ಇದಕ್ಕೆ ಮಾತ್ರೆ ಇಲ್ಲ. ಜೊತೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರುವುದು ತುಂಬ ಸಾಮಾನ್ಯ, ಅದನ್ನು ಬೇರೆಯಾಗಿ ನೋಡಿಸಿ. ಮಾತಿನ ಉಚ್ಚಾರ ಕೈಕೊಡುವ ‘ವರ್ಬಲ್ ಡಿಸ್ಪ್ರಾಕ್ಸಿಯಾ’ದ ದಾರಿಯೇ ಬೇರೆ, ಅದು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಆಗುವ ಕೆಲಸ. ಇನ್ನೊಂದು ಎಚ್ಚರಿಕೆ: ಮೊದಲು ಬರುತ್ತಿದ್ದ ಕೆಲಸ ಈಗ ಬರದೇ ಹೋದರೆ, ಒಂದೇ ಪಕ್ಕದ ಕೈಕಾಲು ಸೋತರೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈ ಊರಿಕೊಂಡು ಹತ್ತಿದಂತೆ ಎದ್ದರೆ, ಅದು ಡಿಸ್ಪ್ರಾಕ್ಸಿಯಾ ಅಲ್ಲದಿರಬಹುದು. ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ.

ಈಗ ಲೇಸು. ಶೂ ಕಾಲಲ್ಲಿರೋದು ಬೇಡ, ಮೇಜಿನ ಮೇಲಿಡಿ, ಮೂತಿ ಅವನಿಂದ ಆಚೆಗೆ ಇರಲಿ. ಚಪ್ಪಟೆ ಹತ್ತಿ ಲೇಸು ತನ್ನಿ. ದುಂಡನೆಯ ನೈಲಾನ್ ಲೇಸು ಜಾರಿ ಬಿಚ್ಚಿಕೊಳ್ಳುತ್ತದೆ, ಹುಡುಗ ತನ್ನದೇ ತಪ್ಪು ಅಂದುಕೊಳ್ಳುತ್ತಾನೆ. ಎಡಗಡೆ ಒಂದು ಬಣ್ಣ, ಬಲಗಡೆ ಇನ್ನೊಂದು ಬಣ್ಣ ಬರುವಂತೆ ಎರಡು ಲೇಸುಗಳ ತುದಿ ಗಂಟು ಹಾಕಿ ಪೋಣಿಸಿ. ಎರಡು ಕಿವಿ (ಕುಣಿಕೆ) ಮಾಡಿ ಗಂಟು ಹಾಕುವ ವಿಧಾನವೇ ಸುಲಭ. ಕೊನೆಯ ಹೆಜ್ಜೆಯಿಂದ ಶುರು ಮಾಡಿ ಹಿಂದಕ್ಕೆ ಕಲಿಸಿ: ಎಲ್ಲವನ್ನೂ ನೀವೇ ಮಾಡಿ, ಕೊನೆಗೆ ಎರಡು ಕಿವಿ ಎಳೆದು ಬಿಗಿ ಮಾಡೋದಷ್ಟೇ ಅವನದು. ದಿನಕ್ಕೆ ಐದು ಸಲ. ಮೂರು ದಿನ ಸತತವಾಗಿ ಐದರಲ್ಲಿ ನಾಲ್ಕು ಸರಿಯಾದರೆ ಅದರ ಹಿಂದಿನ ಹೆಜ್ಜೆಯನ್ನೂ ಅವನಿಗೆ ಬಿಡಿ. ಹೀಗೆ ಮಾಡಿದರೆ ಪ್ರತಿ ಸಲವೂ ಗಂಟು ಬಿದ್ದ ಶೂ ಕಣ್ಣಿಗೆ ಕಾಣುತ್ತದೆ. ಮೊದಲಿನಿಂದ ಶುರು ಮಾಡಿದರೆ ಕಾಣೋದು ಬರೀ ಗೋಜಲು.

ಕೆಡೋದು ಎಲ್ಲಿ ಅಂದರೆ, ಎದುರು ಕೂತು ಕಲಿಸೋದರಲ್ಲಿ. ಅವನಿಗೆ ಎಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಾಮುರುಗಾ. ಪಕ್ಕದಲ್ಲೇ ಕೂತುಕೊಳ್ಳಿ. ಅಪ್ಪ ಒಂದು ತರಹ, ಅಜ್ಜಿ ಒಂದು ತರಹ ಕಲಿಸೋದು ಎರಡನೇ ಎಡವಟ್ಟು. ಮೂರನೆಯದು, ಸ್ಕೂಲ್ ವ್ಯಾನು ಹಾರ್ನ್ ಹೊಡೆಯುವಾಗ ಕಲಿಸೋದು. ಬೆಳಿಗ್ಗೆ ವೆಲ್ಕ್ರೋ ಶೂ ಹಾಕಿ ಕಳಿಸಿ, ಲೇಸಿನ ಪಾಠ ಸಂಜೆ ಹತ್ತೇ ನಿಮಿಷ. ವೆಲ್ಕ್ರೋ ಕೊಟ್ಟರೆ ಸೋಮಾರಿಯಾಗುತ್ತಾನೆ ಅನ್ನೋರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಅವನು ತಪ್ಪಿದಾಗ ‘ಹೀಗಲ್ಲ, ಹೀಗೆ’ ಅನ್ನುವ ಬದಲು ‘ಎಲ್ಲಿ ಜಾರಿತು? ಮುಂದಿನ ಸಲ ಏನು ಬದಲಿಸ್ತೀಯ?’ ಅಂತ ಕೇಳಿ. ಕೆನಡಾದಲ್ಲಿ ರೂಪುಗೊಂಡ ಕೋ-ಆಪ್ ವಿಧಾನದ ತಿರುಳು ಇದೇ: ಗುರಿ, ಉಪಾಯ, ಮಾಡು, ನೋಡು. ಉಪಾಯ ಅವನ ಬಾಯಿಂದ ಬಂದರೆ ನೆನಪಲ್ಲಿ ಉಳಿಯುತ್ತದೆ. ನಿನ್ನೆ ಬಂದದ್ದು ಇವತ್ತು ಬರದಿದ್ದರೆ ಅದು ಹಟವಲ್ಲ, ಈ ತೊಂದರೆಯ ಸ್ವಭಾವವೇ ಹಾಗೆ. ದಣಿದ ದಿನ ಇನ್ನೂ ಹೆಚ್ಚು.

ಅಂಗಿ ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕಿಸಿ. ಕೆಳತುದಿ ಎರಡೂ ಕಣ್ಣಿಗೆ ಕಾಣುವುದರಿಂದ ಒಂದು ಗುಂಡಿ ತಪ್ಪಿ ಹೋಗೋದಿಲ್ಲ. ತಟ್ಟೆ ಜರುಗದ ಹಾಗೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿ, ಅಂಚು ಎತ್ತರವಿರುವ ತಟ್ಟೆ ಕೊಡಿ, ಲೋಟಕ್ಕೆ ಅರ್ಧ ಮಾತ್ರ ಹೊಯ್ಯಿರಿ. ಊಟದ ಡಬ್ಬಿಯ ಮುಚ್ಚಳವನ್ನು ಅವನೊಬ್ಬನೇ ತೆಗೆಯಬಲ್ಲನಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಿ. ಊಟ ತಿನ್ನದೆ ವಾಪಸ್ ತರುವ ಎಷ್ಟೋ ಮಕ್ಕಳಿಗೆ ಮುಚ್ಚಳ ತೆಗೆಯೋಕೇ ಬಂದಿರುವುದಿಲ್ಲ. ಶಾಲೆಯ ಶೌಚಾಲಯದಲ್ಲಿ ಕುಕ್ಕರುಗಾಲಲ್ಲಿ ಕೂತಾಗ ಹಿಡಿದುಕೊಳ್ಳೋಕೆ ಏನಾದರೂ ಇದೆಯಾ ಅಂತಲೂ ನೋಡಿ. ನಾಚಿಕೆಗೆ ಮಕ್ಕಳು ಇದನ್ನು ಹೇಳುವುದಿಲ್ಲ.

ಬರವಣಿಗೆಗೆ ಮೊದಲು ಕೂರುವ ರೀತಿ. ಪಾದ ಪೂರ್ತಿ ಊರಬೇಕು, ನೆಲ ಎಟುಕದಿದ್ದರೆ ಕಾಲಡಿ ಮಣೆ ಇಡಿ. ಮೇಜು ಮೊಣಕೈ ಮಟ್ಟಕ್ಕಿರಲಿ. ದಪ್ಪ ಬಾಕ್ಸ್ ಫೈಲನ್ನು ಅಡ್ಡ ಮಲಗಿಸಿದರೆ ಇಳಿಜಾರು ಹಲಗೆ ಸಿದ್ಧ. ತ್ರಿಕೋನ ಪೆನ್ಸಿಲ್, 2ಬಿ. ಹಾಳೆ ಹರಿಯುವಷ್ಟು ಒತ್ತುತ್ತಾನಾದರೆ ಅಡಿಯಲ್ಲಿ ಕಾರ್ಬನ್ ಮತ್ತೊಂದು ಹಾಳೆ ಇಟ್ಟು, ‘ಕೆಳಗಿನ ಹಾಳೆಯಲ್ಲಿ ಅಕ್ಷರ ಮಸುಕಾಗಿ ಬರೋ ಹಾಗೆ ಬರಿ’ ಅಂತ ಆಟ ಆಡಿಸಿ. ಒತ್ತಡ ಎಷ್ಟು ಅಂತ ಬೆರಳು ಹೇಳದಿದ್ದಾಗ ಕಣ್ಣು ಹೇಳುತ್ತದೆ.

ಕನ್ನಡ ಬರವಣಿಗೆಯಲ್ಲಿ ಒಂದು ವಿಶೇಷ ತೊಡಕಿದೆ, ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಇಕ್ಕಟ್ಟಿನ ಗೆರೆಯ ಪುಸ್ತಕದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಲು ಟೀಚರ್ ಒಪ್ಪಿಗೆ ಪಡೆಯಿರಿ. ಅಕ್ಷರ ತಿದ್ದಿಸುವಾಗ ಅಕಾರಾದಿ ಕ್ರಮಕ್ಕಿಂತ ಸರ್ಕಾರಿ ಶಾಲೆಗಳ ನಲಿ-ಕಲಿಯ ‘ರ ಗ ಸ ದ ಅ, ಜ ವ ಮ ಬ ನ’ ಕ್ರಮ ಒಳ್ಳೆಯದು, ತಿರುವು ಹೋಲುವ ಅಕ್ಷರಗಳು ಒಟ್ಟಿಗೆ ಸಿಗುತ್ತವೆ. ‘ಹತ್ತು ಸಲ ಬರೆದುಕೊಂಡು ಬಾ’ ಅನ್ನುವ ಶಿಕ್ಷೆಯನ್ನು ಮಾತ್ರ ನಿಲ್ಲಿಸಲೇಬೇಕು. ಐದನೇ ಸಲಕ್ಕೆ ಕೈ ಸೋತು, ಉಳಿದ ಐದರಲ್ಲಿ ತಪ್ಪು ರೂಪವೇ ರೂಢಿಯಾಗುತ್ತದೆ.

ಸೈಕಲ್‌ಗೆ ಪಕ್ಕದ ಪುಟ್ಟ ಚಕ್ರ ಬೇಡ. ಅದು ಸೈಕಲನ್ನು ವಾಲಲು ಬಿಡೋದಿಲ್ಲ, ವಾಲದೆ ಬ್ಯಾಲೆನ್ಸ್ ಬರೋದಿಲ್ಲ. ಪೆಡಲ್ ಬಿಚ್ಚಿಸಿ, ಎರಡೂ ಪಾದ ಊರುವಷ್ಟು ಸೀಟು ಇಳಿಸಿ, ಕಾಲಲ್ಲಿ ತಳ್ಳಿಕೊಂಡು ಹೋಗಲಿ. ಕಾಲೆತ್ತಿ ಹತ್ತು ಎಣಿಸುವವರೆಗೆ ತೇಲಿದರೆ ಪೆಡಲ್ ಹಾಕಿಸಿ.

ಕಾಗದಪತ್ರದ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯ ವಿವರಣೆಯೊಳಗೆ ಡಿಸ್ಪ್ರಾಕ್ಸಿಯಾ ಹೆಸರು ಇದೆ, ಶಾಲೆಯವರು ‘ಇದು ಪಟ್ಟಿಯಲ್ಲಿಲ್ಲ’ ಅಂದರೆ ಅದನ್ನೇ ತೋರಿಸಿ. 2018ರ ಮಾರ್ಗಸೂಚಿ (2024ರಲ್ಲಿ ಪರಿಷ್ಕರಣೆಯಾಗಿದೆ) ಪ್ರಮಾಣಪತ್ರಕ್ಕೆ 8 ವರ್ಷ ತುಂಬಿರಬೇಕು ಅಂದಿತ್ತು, ಮೌಲ್ಯಮಾಪನಕ್ಕೆ ‘ನಿಮ್ಹಾನ್ಸ್ ಬ್ಯಾಟರಿ’ ಎಂಬ ಪರೀಕ್ಷೆಗಳ ಗುಚ್ಛವನ್ನು ಹೆಸರಿಸಿತ್ತು. ಆ ಪರೀಕ್ಷೆಯ ಒತ್ತು ಓದು, ಬರಹ, ಲೆಕ್ಕದ ಮೇಲೆ. ಕೈಕಾಲಿನ ತೊಂದರೆ ಅದರಲ್ಲಿ ಪೂರ್ತಿ ಕಾಣದೆ ಹೋಗಬಹುದು. ಹಾಗಾಗಿ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ಕಲಿಸುವ ತಜ್ಞರು) ವರದಿ, ಬರೆಯುವ ವೇಗದ ಲೆಕ್ಕ, ಹಳೆಯ ನೋಟ್‌ಪುಸ್ತಕ ಜೊತೆಗೆ ಒಯ್ಯಿರಿ. ಶೇ. 40 ಮತ್ತು ಮೇಲಿನ ನ್ಯೂನತೆಯ ಪ್ರಮಾಣಪತ್ರವಿದ್ದರೆ ಕೇಂದ್ರದ ಪರೀಕ್ಷಾ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. ಪರೀಕ್ಷೆಯಲ್ಲಿ ಅವನ ಪರವಾಗಿ ಬರೆಯುವವರನ್ನು ತೆಗೆದುಕೊಳ್ಳುವುದಾದರೆ ಹೇಳಿ ಬರೆಸುವುದನ್ನು ಒಂದು ವರ್ಷ ಮೊದಲೇ ರೂಢಿ ಮಾಡಿಸಿ, ಅದೂ ಕಲಿಯಬೇಕಾದ ಕೆಲಸವೇ.

ನಿಮ್ಮ ಯಜಮಾನರಿಗೆ ಗೇರ್ ಬೈಕು ಯಾಕೆ ಬೇಕು? ಕ್ಲಚ್, ಗೇರು, ಬ್ರೇಕು, ಕನ್ನಡಿ, ಇಂಡಿಕೇಟರು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಹೊಂದಿಸೋದೇ ಅವರಿಗೆ ಕಷ್ಟದ ಭಾಗ. ಗೇರಿಲ್ಲದ ಸ್ಕೂಟರು, ಕಾರಾದರೆ ಆಟೊಮ್ಯಾಟಿಕ್. ಖಾಲಿ ಮೈದಾನದಲ್ಲಿ ಒಂದು ವಾರ ಹೊರಡೋದು ಮತ್ತು ನಿಲ್ಲಿಸೋದು ಮಾತ್ರ, ಆಮೇಲೆ ತಿರುವು, ಆಮೇಲೆ ಒಂದೇ ರಸ್ತೆ ಒಂದೇ ಹೊತ್ತಿನಲ್ಲಿ. ಪಾರ್ಕಿಂಗ್ ಪ್ರತ್ಯೇಕ ಪಾಠ. ಆಫೀಸಿನ ಮೀಟಿಂಗಲ್ಲಿ ಕೇಳೋದು, ಬರೆಯೋದು ಒಟ್ಟಿಗೆ ಆಗದಿದ್ದರೆ ರೆಕಾರ್ಡ್ ಮಾಡಲು ಅನುಮತಿ ಕೇಳಲಿ. ಬೆಳಿಗ್ಗೆ ಅಲಾರಂ ಎರಡು ಬೇಕು, ತಯಾರಾಗಲು ಶುರು ಮಾಡೋಕೆ ಒಂದು, ಬಾಗಿಲು ದಾಟೋಕೆ ಒಂದು. ಅಡುಗೆಮನೆಯಲ್ಲಿ ಈಳಿಗೆಮಣೆಯಿಂದ ದೂರವಿರಲಿ. ತರಕಾರಿಯನ್ನು ಮೊದಲು ಎರಡು ಹೋಳು ಮಾಡಿ ಚಪ್ಪಟೆ ಭಾಗ ಕೆಳಗಿಟ್ಟರೆ ಉರುಳುವುದಿಲ್ಲ. ಹಗ್ಗ ಎಳೆಯುವ ಚಾಪರ್ ಇದ್ದರೆ ಅಷ್ಟೂ ಬೇಕಿಲ್ಲ. ಒಗ್ಗರಣೆಗೆ ಸಾಸಿವೆ, ಕರಿಬೇವು, ಮೆಣಸಿನಕಾಯಿ ಎಲ್ಲವನ್ನೂ ಹಾಕುವ ಕ್ರಮದಲ್ಲಿ ಎಡದಿಂದ ಬಲಕ್ಕೆ ಜೋಡಿಸಿಟ್ಟು, ಆಮೇಲಷ್ಟೇ ಒಲೆ ಹಚ್ಚಲಿ.