ಮಾಸ್ತರಿಗೊಂದು ಪ್ರಶ್ನೆ: ಪಾಸ್ಕ ಮುಗಿಯಿತು, ನನ್ನೊಳಗೆ ಏನೂ ಏಳಲಿಲ್ಲ

ಪ್ರಶ್ನೆ: ಮಾಸ್ತರೇ, ನಾನು ಕಾರವಾರದ ಬೈತಖೋಲದವನು. ಮೂರು ವರ್ಷದ ಹಿಂದೆ ಬಂದರಿನಲ್ಲಿ ಹತ್ತು ಜನರ ಎದುರು ಅಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದು, ಅವನ ಬೋಟ್ ಬಿಟ್ಟು ಬಂದೆ. ತಪ್ಪು ನನ್ನದೇ. ಈ ಸಲ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿದೆ. ಪಾಸ್ಕದ (ಯೇಸು ಸತ್ತು ಎದ್ದ ಈಸ್ಟರ್ ಹಬ್ಬದ) ಪೂಜೆಗೂ ಹೋದೆ. ಎಲ್ಲರೂ ಹೊಸ ಜೀವನ ಎನ್ನುತ್ತಾರೆ. ನನಗೆ ಏನೂ ಅನ್ನಿಸಲಿಲ್ಲ. ಏನು ಮಾಡಲಿ? (ಹೆಸರು ಹಾಕಬೇಡಿ.)

ಉತ್ತರ: ಪಾಸ್ಕದ ಹಿಂದಿನ ಶನಿವಾರ ರಾತ್ರಿ ಚರ್ಚಿನ ಅಂಗಳದಲ್ಲಿ ಹೊಸ ಬೆಂಕಿ ಮಾಡಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚುತ್ತಾರಲ್ಲ, ಆ ಕತ್ತಲೆಯಲ್ಲಿ ಎಲ್ಲರ ಮುಖವೂ ಚೆಂದ. ಗುರುವಾರದಿಂದ ಸುಮ್ಮನಿದ್ದ ಗಂಟೆ ಬಾರಿಸಿದಾಗ ನನಗೂ ಕಣ್ಣು ತುಂಬುತ್ತದೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ಹಳೇ ಮನುಷ್ಯನೇ! ನಿನಗೊಬ್ಬನಿಗೇ ಹೀಗೆ ಎಂದುಕೊಳ್ಳಬೇಡ.

ಬೈಬಲ್ಲಿನಲ್ಲಿ ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ಓದು. ಸತ್ತು ಎದ್ದ ಯೇಸುವನ್ನು ಕಂಡ ಮೇಲೂ ಶಿಷ್ಯ ಪೇತ್ರ ಏನು ಮಾಡಿದ? ಮೀನು ಹಿಡಿಯಲು ಹೋದ. ರಾತ್ರಿಯಿಡೀ ಬಲೆ ಖಾಲಿ. ಬೆಳಗಾಗುವಾಗ ದಡದಲ್ಲಿ ಯಾರೋ ನಿಂತಿದ್ದರು, ಗುರುತು ಸಿಗಲಿಲ್ಲ. ಬಲಗಡೆ ಬಲೆ ಹಾಕಿ ಎಂದರು. ಹಾಕಿದರೆ 153 ದೊಡ್ಡ ಮೀನು. (ಎಣಿಸಿದವನು ಮೀನುಗಾರನೇ, ಅನುಮಾನ ಬೇಡ.) ಯೇಸು ಎಂದು ತಿಳಿದದ್ದೇ ಪೇತ್ರ ಅಂಗಿ ಹಾಕಿಕೊಂಡು ನೀರಿಗೆ ಹಾರಿದ. ಅಂಗಿ ಬಿಚ್ಚಿ ಹಾರುವವರನ್ನು ಬೇಕಾದಷ್ಟು ನೋಡಿದ್ದೇನೆ, ಹಾಕಿಕೊಂಡು ಹಾರಿದವನು ಇವನೊಬ್ಬ. ದಡ ಇದ್ದದ್ದು ಬರೀ 200 ಮೊಳ ದೂರ.

ದಡದಲ್ಲಿ ಕೆಂಡ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಆ ಕೆಂಡ ನೋಡಿ ಪೇತ್ರನಿಗೆ ಹೊಟ್ಟೆ ತೊಳಸಿರಬೇಕು. ಯೇಸುವನ್ನು ಹಿಡಿದ ರಾತ್ರಿ ಇಂಥದ್ದೇ ಕೆಂಡದಲ್ಲಿ ಚಳಿ ಕಾಯಿಸುತ್ತ, ನಾನು ಅವನ ಶಿಷ್ಯನೇ ಅಲ್ಲ ಎಂದವನು ಅವನು. ಒಟ್ಟು ಮೂರು ಸಲ. ಯೇಸು ಆ ಮಾತು ಎತ್ತಲಿಲ್ಲ. ಮೊದಲು ತಿನ್ನಲು ಕರೆದರು. ತಿಂದಾದ ಮೇಲೆ, ಉಳಿದವರ ಹತ್ತಿರವೇ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದರು. ಅದೂ ಮೂರು ಸಲ. ಕುರಿ ಮೇಯಿಸು ಎಂದು ಕೆಲಸವನ್ನೂ ಒಪ್ಪಿಸಿದರು.

ನನ್ನದೂ ಒಂದು ಕಥೆ ಇದೆ. ತೆಂಗಿನ ತೋಟದ ಬೇಲಿಗಾಗಿ ತಮ್ಮನ ಜೊತೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ಒಂದು ಪಾಸ್ಕದ ಸಂಜೆ ಅವನ ಮನೆಗೆ ಹೋದೆ. ಪ್ರೀತಿ ಉಕ್ಕಿ ಹೋದದ್ದಲ್ಲ, ಹೆಂಡತಿಯ ಕಾಟ ತಾಳಲಾರದೆ. ಕ್ಷಮೆಯ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ತಮ್ಮ ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಿಟ್ಟ. ಬಂಗಡೆ ಬೆಂದಿರಲಿಲ್ಲ, ಎರಡು ತಿಂದೆ. ಅನ್ನಿಸುವುದೆಲ್ಲ ಆಮೇಲೆ, ಮನೆಗೆ ಬರುವ ದಾರಿಯಲ್ಲಿ ಅನ್ನಿಸಿತು.

ಪಾಸ್ಕ ಒಂದು ಭಾನುವಾರಕ್ಕೆ ಮುಗಿಯುವುದಿಲ್ಲ, ಪೆಂತೆಕೋಸ್ತ ಹಬ್ಬದ ತನಕ 50 ದಿನ ಇದೆ. ಬಂದರಿನಲ್ಲಿ ಬೈದೆಯಲ್ಲ, ಬಂದರಿಗೇ ಹೋಗು. ಅಣ್ಣನ ಬೋಟ್ ಬಂದು ಹಗ್ಗ ಎಸೆಯುವ ಹೊತ್ತಿಗೆ ಹೋಗು. ಹಗ್ಗ ಹಿಡಿಯಲು ಒಬ್ಬರು ಬೇಕೇ ಬೇಕು, ಅಲ್ವಾ?