ಪೂರ್ತಿ ಸಿದ್ಧವಾಗುವ ತನಕ ಕಾಯಬೇಕೆ?

ಪ್ರಶ್ನೆ: ನಾವು ಮೂವರು ಸ್ನೇಹಿತರು ಸೇರಿ ನವೋದ್ಯಮವೊಂದನ್ನು ಆರಂಭಿಸಿ, ಚಿಕ್ಕ ಕ್ಲಿನಿಕ್‌ಗಳಲ್ಲಿ ರೋಗಿಗಳ ಸರದಿಯನ್ನು ನಿಭಾಯಿಸುವ ತಂತ್ರಾಂಶವನ್ನು ಹತ್ತು ತಿಂಗಳಿಂದ ಸಿದ್ಧಪಡಿಸುತ್ತಿದ್ದೇವೆ. ಬಿಲ್ಲಿಂಗ್, ಔಷಧ ದಾಸ್ತಾನು, ವರದಿಗಳು ಹೀಗೆ ಒಂದೊಂದೇ ಸೌಲಭ್ಯ ಸೇರುತ್ತಾ ಹೋಗಿ ಬಿಡುಗಡೆಯನ್ನು ಎರಡು ಸಲ ಮುಂದೂಡಿದ್ದೇವೆ. ಕೈಯಲ್ಲಿರುವ ಹಣ ಇನ್ನಾರು ತಿಂಗಳಿಗೆ ಸಾಕಾಗಬಹುದು. ಅರೆಬರೆ ಉತ್ಪನ್ನ ಹೊರಬಿಟ್ಟರೆ ಹೆಸರು ಕೆಡುತ್ತದೆ ಎನ್ನುವುದು ಜೊತೆಗಾರರ ಆತಂಕ. ಏನು ಮಾಡಬೇಕು?

ಉತ್ತರ: ಸೌಲಭ್ಯಗಳು ಕಡಿಮೆ ಇರುವುದು ಬೇರೆ, ಇರುವ ಸೌಲಭ್ಯವೇ ಕೈಕೊಡುವುದು ಬೇರೆ. ಹೆಸರು ಕೆಡುವುದು ಎರಡನೆಯದರಿಂದ. ಸರದಿಯೊಂದನ್ನೇ ತಪ್ಪಿಲ್ಲದೆ ನೋಡಿಕೊಳ್ಳುವ ತಂತ್ರಾಂಶದಲ್ಲಿ ಬಿಲ್ಲಿಂಗ್ ಇಲ್ಲವೆಂದು ಯಾರೂ ನಿಮ್ಮನ್ನು ದೂರುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ ವಿಷಯ: ಹತ್ತು ತಿಂಗಳ ಕೆಲಸದ ವಿವರದಲ್ಲಿ ಅದನ್ನು ಬಳಸಬೇಕಾದವರೊಬ್ಬರ ಮಾತೂ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡವೂ ಇಂಥದೇ ಒಂದು ನೋಂದಣಿ ತಂತ್ರಾಂಶವನ್ನು ಮಾಡಿತ್ತು. ಅದನ್ನು ಅಳವಡಿಸಿದ ಮೇಲೂ ಸ್ವಾಗತ ಮೇಜಿನಲ್ಲಿದ್ದ ಮಹಿಳೆ ಪಕ್ಕದಲ್ಲೊಂದು ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಲೇ ಇದ್ದರು. ಅವರಿಗೆ ತರಬೇತಿ ಸಾಲದೆಂದು ನಾವು ತೀರ್ಮಾನಿಸಿಬಿಟ್ಟಿದ್ದೆವು. ಒಂದು ಬೆಳಿಗ್ಗೆ ಅವರ ಹಿಂದೆ ಕುಳಿತು ನೋಡಿದಾಗ ಕಾರಣ ತಿಳಿಯಿತು. ಫೋನ್ ಮಾಡಿದವರಿಂದ ಅವರು ಮೊದಲು ಕೇಳುತ್ತಿದ್ದುದು ಮೊಬೈಲ್ ಸಂಖ್ಯೆಯನ್ನು. ನಮ್ಮ ಪರದೆಯಾದರೋ ಹೆಸರು, ವಯಸ್ಸು, ವಿಳಾಸ ತುಂಬಿಸದ ಹೊರತು ಸಂಖ್ಯೆಯ ಅಂಕಣಕ್ಕೆ ಹೋಗಲು ಬಿಡುತ್ತಿರಲಿಲ್ಲ. ಅಂಕಣಗಳ ಕ್ರಮವನ್ನು ಬದಲಿಸಲು ಅರ್ಧ ದಿನ ಸಾಕಾಯಿತು. ತಿಂಗಳುಗಟ್ಟಲೆ ನಮ್ಮ ಕೋಣೆಯಲ್ಲಿ ನಡೆಸಿದ ಚರ್ಚೆಗಳಲ್ಲಿ ಆ ಮಾತು ಒಮ್ಮೆಯೂ ಬಂದಿರಲಿಲ್ಲ.

ಇನ್‌ಸ್ಟಾಗ್ರಾಮ್‌ನ ಹಿಂದಿನ ರೂಪ ಬರ್ಬನ್ ಎಂಬ ಆ್ಯಪ್ ಆಗಿತ್ತು. ಇರುವ ಜಾಗವನ್ನು ತಿಳಿಸುವುದು, ಗೆಳೆಯರೊಂದಿಗೆ ಭೇಟಿ ನಿಗದಿ ಮಾಡುವುದು, ಅಂಕ ಗಳಿಸುವುದು, ಚಿತ್ರ ಹಂಚುವುದು ಎಲ್ಲವೂ ಅದರಲ್ಲಿತ್ತು. ಜನ ಒಲಿದದ್ದು ಚಿತ್ರಕ್ಕೆ ಎಂಬುದನ್ನು ಗಮನಿಸಿದ ಇನ್‌ಸ್ಟಾಗ್ರಾಮ್ ಸ್ಥಾಪಕರಾದ ಕೆವಿನ್ ಸಿಸ್ಟ್ರಮ್ ಮತ್ತು ಮೈಕ್ ಕ್ರೀಗರ್ ಬಹುಪಾಲು ಸೌಲಭ್ಯಗಳನ್ನು ಕಿತ್ತುಹಾಕಿ, ಚಿತ್ರ, ಟಿಪ್ಪಣಿ, ಮೆಚ್ಚುಗೆ ಇಷ್ಟನ್ನೇ ಉಳಿಸಿಕೊಂಡು 2010ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದರು. ಸ್ವತಃ ಕಟ್ಟಿದ್ದನ್ನು ಕಿತ್ತುಹಾಕಲು ಗಟ್ಟಿ ಮನಸ್ಸು ಬೇಕು; ಹತ್ತು ತಿಂಗಳು ದುಡಿದ ನಿಮಗೆ ಅದು ಎಷ್ಟು ಕಷ್ಟವೆಂದು ನಾನು ಬಲ್ಲೆ. ಕೆಲವೊಮ್ಮೆ ಕಟ್ಟುವ ಅಗತ್ಯವೇ ಇರುವುದಿಲ್ಲ. ಅಂತರಜಾಲದಲ್ಲಿ ಶೂ ಮಾರುವ ಝಾಪೋಸ್ ಕಂಪನಿಯನ್ನು ಸ್ಥಾಪಿಸಿದ ನಿಕ್ ಸ್ವಿನ್‌ಮರ್ನ್ 1999ರಲ್ಲಿ ದಾಸ್ತಾನು ಹೂಡದೆ, ಅಂಗಡಿಗಳಲ್ಲಿದ್ದ ಶೂಗಳ ಚಿತ್ರಗಳನ್ನು ಜಾಲತಾಣದಲ್ಲಿ ಹಾಕಿ, ಬೇಡಿಕೆ ಬಂದಾಗ ಅಲ್ಲಿಂದಲೇ ಕೊಂಡು ಕಳುಹಿಸಿ, ಜನ ಶೂಗಳನ್ನು ಅಂತರಜಾಲದಲ್ಲಿ ಕೊಳ್ಳುತ್ತಾರೆಯೇ ಎಂದು ಪರೀಕ್ಷಿಸಿದ್ದರು.

ಆದ್ದರಿಂದ ಬಿಲ್ಲಿಂಗ್, ದಾಸ್ತಾನುಗಳ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿ. ರೋಗಿಗಳ ಮಾಹಿತಿಯ ಗೋಪ್ಯತೆ ಮತ್ತು ಬ್ಯಾಕಪ್ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ. ಸರದಿಯ ಭಾಗವನ್ನಷ್ಟೇ ಎರಡು ಕ್ಲಿನಿಕ್‌ಗಳಿಗೆ ಕೊಟ್ಟು, ಮೊದಲ ವಾರ ನಿಮ್ಮಲ್ಲೊಬ್ಬರು ಅಲ್ಲಿ ಸುಮ್ಮನೆ ಕುಳಿತು ನೋಡಿ. ಚಿಕ್ಕ ಮೊತ್ತವಾದರೂ ಸರಿ, ಶುಲ್ಕ ಕೇಳಿ. ಹೊಗಳಿದವರೆಲ್ಲ ಹಣ ಕೊಡುವುದಿಲ್ಲ. ಎರಡನೆಯ ವಾರ ನೀವಿಲ್ಲದಾಗಲೂ ಬಳಕೆ ಮುಂದುವರಿದಿದೆಯೇ ಎಂದು ಗಮನಿಸಿ. ನಿಂತಿದ್ದರೆ, ಮತ್ತೊಂದು ಸಾಲು ಕೋಡ್ ಬರೆಯುವ ಮೊದಲು ಮೂವರೂ ಹೋಗಿ ಕಾರಣ ಕೇಳಿಕೊಂಡು ಬನ್ನಿ.